ಉಪ್ಪು ನೋಡುವವಳು

ಬಸ್ ಡಿಪೋದ ಎದುರಿಗಿದ್ದ ಆ ಮೆಸ್ಸಿಗೆ ಬೋರ್ಡು ಇತ್ತೋ ಇಲ್ಲವೋ, ಯಾರೂ ತಲೆಯೆತ್ತಿ ನೋಡಿದವರಲ್ಲ. ಅಕ್ಕನ ಮೆಸ್ಸು ಎಂದರೆ ಮುಗಿಯಿತು. ಡ್ರೈವರುಗಳು, ಕಂಡಕ್ಟರುಗಳು, ಬೆಳಗಿನಿಂದ ಬಸ್ಸಿನ ಹೊಟ್ಟೆಯಡಿ ಮಲಗಿದ್ದು ಎದ್ದು ಬರುವ ಮೆಕ್ಯಾನಿಕ್‌ಗಳು, ಎಲ್ಲರೂ ಮಧ್ಯಾಹ್ನವಾದರೆ ಅಲ್ಲಿಗೇ ಬರುತ್ತಿದ್ದರು. ಎಷ್ಟು ತಿಕ್ಕಿದರೂ ಹೋಗದ ಗ್ರೀಸು ಉಗುರುಗಳಲ್ಲಿ ಹಾಗೇ ಇರುತ್ತಿತ್ತು. ಅಲ್ಲಿ ಸಿಗುವುದು ಒಂದೇ: ಮಾಂಸದ ಸಾರು, ಅನ್ನ, ಬೇಕೆಂದವರಿಗೆ ಬ್ರೆಡ್ಡು. ಬೇರೆ ಏನಿದೆ ಎಂದು ಕೇಳಿದವರನ್ನು ಅಕ್ಕ ಮೇಲಿನಿಂದ ಕೆಳಗಿನವರೆಗೆ ಒಂದು ಸಲ ನೋಡುತ್ತಿದ್ದಳು. ಅಷ್ಟಕ್ಕೇ ಅವರು ತೆಪ್ಪಗೆ ಕೂತು ತಟ್ಟೆ ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಸಾರು ಹಾಗಿತ್ತು ಬಿಡಿ. ಡಿಪೋದಲ್ಲಿ ಬ್ಯಾಟರಿಗಳಿಗೆ ಚಾರ್ಜು ಹಾಕುತ್ತಲೇ ಮುದುಕರಾದ ಒಬ್ಬರಿದ್ದರು, ಎಲ್ಲರ ಬಾಯಲ್ಲೂ ಬ್ಯಾಟರಿ ಮಾವ. ತನಗಿಂತ ಎಷ್ಟೋ ಚಿಕ್ಕವಳಾದ ಅವಳನ್ನು ಅವರೂ ಅಕ್ಕ ಎಂದೇ ಕರೆಯುತ್ತಿದ್ದರು. "ಅಕ್ಕಾ, ನಿಮ್ಮ ಕೈಲಿ ಅದೇನಿದೆಯೋ! ಉಪ್ಪು ಅನ್ನೋದು ಒಂದು ಕಾಳು ಆಚೆ ಇಲ್ಲ, ಒಂದು ಕಾಳು ಈಚೆ ಇಲ್ಲ" ಎಂದು ದಿನಾ ಅದೇ ಮಾತು. ಅಕ್ಕನೂ ದಿನಾ ಅದೇ ಥರ ಸೆರಗಿಗೆ ಕೈ ಒರೆಸಿಕೊಂಡು, "ಸಾಕು ಸುಮ್ನೆ ಊಟ ಮಾಡಿ ಮಾವ" ಎನ್ನುತ್ತಿದ್ದಳು.

ಆದರೆ ಆ ಕೈಯಲ್ಲಿ ಏನೂ ಇರಲಿಲ್ಲ. ಮೆಸ್ಸಿನಲ್ಲಿ ಇದು ಗೊತ್ತಿದ್ದದ್ದು ಇಬ್ಬರಿಗೇ.

ಹಿಂದೆ ಒಂದು ಜ್ವರ ಬಂದಿತ್ತು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಒಟ್ಟಿಗೇ ಮಲಗಿಸಿತು. ಡ್ರೈವರಾಗಿದ್ದ ಗಂಡನನ್ನು ಕರೆದುಕೊಂಡೇ ಹೋಯಿತು. ಅವಳನ್ನು ಬಿಟ್ಟಿತು, ಆದರೆ ಅವಳ ನಾಲಿಗೆಯನ್ನೂ ಮೂಗನ್ನೂ ಬಿಡಲಿಲ್ಲ. ಎದ್ದು ಕೂತ ಮೇಲೆ ಯಾರೋ ಗಂಜಿ ಕುಡಿಸಿದರು. ಬಿಸಿ ಇದೆ ಎಂದು ಗೊತ್ತಾಯಿತೇ ಹೊರತು ಬೇರೇನೂ ಗೊತ್ತಾಗಲಿಲ್ಲ. ದುಃಖಕ್ಕೆ ಬಾಯಿ ಕೆಟ್ಟಿದೆ, ಸರಿಹೋಗುತ್ತೆ ಎಂದುಕೊಂಡಳು. ಸರಿಹೋಗಲಿಲ್ಲ. ಡಾಕ್ಟರು ಟಾರ್ಚು ಹಾಕಿ ನೋಡಿ, ಕೆಲವರಿಗೆ ವಾಪಸು ಬರುತ್ತೆ, ಕೆಲವರಿಗೆ ಬರಲ್ಲ ಎಂದು ಕೈ ತೊಳೆದುಕೊಂಡರು. ಅಡುಗೆ ಬಿಟ್ಟು ಬೇರೆ ಕಸುಬು ಗೊತ್ತಿಲ್ಲದ ಹೆಂಗಸಿಗೆ ದೇವರು ಕೊಟ್ಟ ಬಹುಮಾನ ನೋಡಿ!

ಆಗ ಮಗಳು ಚಿಕ್ಕವಳು. ಎಲ್ಲದಕ್ಕೂ ಮುಂದು ಎಂದು ಡಿಪೋದವರು ಅವಳಿಗೆ ಚೂಟಿ ಎಂದು ಹೆಸರಿಟ್ಟಿದ್ದರು. ಅಮ್ಮ ಒಲೆಯ ಮುಂದೆ ನಿಂತು ಅಳುತ್ತಿದ್ದದ್ದನ್ನು ನೋಡಿ, ಸೌಟು ಕಿತ್ತುಕೊಂಡು ತಾನೇ ಸಾರು ಬಾಯಿಗೆ ಹಾಕಿಕೊಂಡು, "ಉಪ್ಪು ಸಾಲದು ಅಮ್ಮ" ಎಂದಳು. ಅವತ್ತಿನಿಂದ ಅದೇ ಪದ್ಧತಿಯಾಗಿ ಹೋಯಿತು. ಮಾಂಸ ಹಾಕುವಾಗ ಅಮ್ಮ ಒಂದು ಹಿಡಿ ಉಪ್ಪು ಹಾಕುವುದು. ಬೆಂದ ಮೇಲೆ, ಶಾಲೆಯ ಬಟ್ಟೆ ಹಾಕಿಕೊಂಡು ಜಡೆಗೆ ರಬ್ಬರು ಸುತ್ತುತ್ತಾ ಚೂಟಿ ಬರುವುದು, ಬಟ್ಟಲಿಗೆ ಒಂದು ತುಂಡು ಒಂದಿಷ್ಟು ಸಾರು ಹಾಕಿಸಿಕೊಂಡು ನೋಡಿ ಹೇಳುವುದು: ಇನ್ನೊಂದು ಹಿಡಿ, ಅರ್ಧ ಹಿಡಿ, ಮುಕ್ಕಾಲು, ಸಾಕು. ಅಮ್ಮನೇ ಪಾಠ ಹೇಳಿಕೊಟ್ಟಿದ್ದಳು. "ಗಬಕ್ಕಂತ ನುಂಗಬೇಡ ಕಣೇ. ನಾಲಿಗೆ ಮೇಲಿಟ್ಕೊಂಡು ಯೋಚನೆ ಮಾಡು. ಇದು ಯಾವುದು, ಎಳೆಯದಾ, ಬಲಿತಿದ್ದಾ, ಎಷ್ಟು ಹೊತ್ತಿನ ಹಿಂದಿನದು. ಎಲ್ಲಾ ಅದೇ ಹೇಳುತ್ತೆ."

ಹುಡುಗಿ ಕಲಿತಳು. ಅತಿಯಾಗಿಯೇ ಕಲಿತಳು. ಮಾಂಸದಂಗಡಿಗೂ ಅವಳೇ ಹೋಗಬೇಕಲ್ಲ, ಅಮ್ಮನಿಗೆ ಕೆಟ್ಟ ವಾಸನೆಯೂ ಗೊತ್ತಾಗುತ್ತಿರಲಿಲ್ಲವಲ್ಲ. ಅಂಗಡಿಯವನು ಒಳ್ಳೆಯ ಮನುಷ್ಯ, ಮೋಸ ಗೀಸ ಇಲ್ಲ. ಒಂದು ದಿನ ಚೂಟಿ, "ನಿನ್ನೆದು ಯಾಕೋ ಬೇರೆ ಥರ ಇತ್ತು ಅಣ್ಣ, ಒಣಗಿದ ಹಾಗೆ, ಒಂಥರಾ ಅಂಟು" ಎಂದಿದ್ದಕ್ಕೆ ಅವನು ಬೆರಗಾದ. "ಅಬ್ಬಾ ನಿನ್ನ ನಾಲಿಗೆಯೇ! ಆ ಕುರಿ ದೂರದಿಂದ ಲಾರಿಲಿ ಬಂದಿದ್ದು ಕಣಮ್ಮ, ನಿಂತ್ಕೊಂಡೇ ಬಂದಿತ್ತು, ಇಳಿಸೋವಾಗ ಬಹಳ ಗಲಾಟೆ ಮಾಡ್ತು. ಹೆದರಿದ್ರೆ ಮಾಂಸ ಹಾಗೇ ಆಗೋದು, ಕಪ್ಪಾಗಿ ಬಿಗಿದುಕೊಂಡುಬಿಡುತ್ತೆ" ಎಂದ. ಅವನು ಹೇಳಿದ್ದು ಕಸುಬಿನ ಮಾತು, ಅಷ್ಟೆ. ಚೂಟಿ ಮನೆಗೆ ಬಂದು ಅದನ್ನು ಹೇಳಿದಾಗ ಅಕ್ಕನಿಗೆ ಹಿಗ್ಗೋ ಹಿಗ್ಗು. "ಹೌದಾ? ಹಾಗಾದ್ರೆ ಹೆದರಿದ್ದು ಬಂದ್ರೆ ವಾಪಸ್ ಕೊಟ್ಟುಬಾ" ಎಂದಳು. ಅವಳಿಗೆ ಆ ಮಾತಿನಲ್ಲಿ ಕಂಡದ್ದು ಸಾರು ಮಾತ್ರ. ಮಗಳಿಗೆ ಕಂಡದ್ದೇನು ಎಂದು ಕೇಳುವ ಬುದ್ಧಿ ಎಲ್ಲಿಂದ ಬರಬೇಕು?

ಆಮೇಲಾಮೇಲೆ ಚೂಟಿ ಉಪ್ಪು ನೋಡುವಾಗ, "ಬಿಸಿ ಇದೆ, ಆರಿಸ್ಕೊಂಡು ಬರ್ತೀನಿ" ಎಂದು ಬಟ್ಟಲು ಹಿಡಿದು ಹಿತ್ತಿಲ ಬಾಗಿಲಿನಾಚೆ, ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಹೋಗತೊಡಗಿದಳು. ವಾಪಸು ಬಂದು "ಇನ್ನೊಂದು ಹಿಡಿ" ಎನ್ನುವಳು. ಬೆಳೆಯೋ ಹುಡುಗಿ, ಬಾಯಿ ಸುಟ್ಟುಕೊಳ್ಳೋದು ಬೇಡ ಅನ್ನುತ್ತಾಳೆ ಎಂದು ಅಕ್ಕ ಸುಮ್ಮನಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಎಡವಟ್ಟಾಯಿತು. ಹಂಡೆಗೆ ಮಾಂಸ ಹಾಕಿ ಉಪ್ಪು ಹಾಕುವ ಹೊತ್ತಿಗೆ ಸರಿಯಾಗಿ ಗ್ಯಾಸ್ ಸಿಲಿಂಡರಿನವನು ಬಾಗಿಲು ಬಡಿದ. ಅವನನ್ನು ಕಳಿಸಿ ಬಂದರೆ ಉಪ್ಪು ಹಾಕಿದೆನೋ ಇಲ್ಲವೋ ಎಂಬ ಅನುಮಾನ. ಬೇರೆ ಅಡುಗೆಯವರಾದರೆ ಒಂದು ಹನಿ ಅಂಗೈಗೆ ಹಾಕಿಕೊಂಡು ನೋಡುತ್ತಾರೆ. ಇವಳು ಏನು ನೋಡುತ್ತಾಳೆ, ಪಾಪ? ಹೇಗೂ ಚೂಟಿ ನೋಡ್ತಾಳಲ್ಲ ಎಂದು ಒಂದು ಹಿಡಿ ಹಾಕಿದಳು. ಅದು ಎರಡನೆಯದು. ಚೂಟಿ ಬಂದಳು, ಬಟ್ಟಲು ಹಿಡಿದು ಹಿತ್ತಿಲಿಗೆ ಹೋದಳು, ವಾಪಸು ಬಂದು, "ಇನ್ನೊಂದು ಹಿಡಿ" ಎಂದಳು, ಬ್ಯಾಗು ಹೆಗಲಿಗೇರಿಸಿ ಹೊರಟಳು. ಅಕ್ಕ ಮೂರನೆಯದನ್ನೂ ಹಾಕಿ ತಿರುವಿ ಮುಚ್ಚಿದಳು.

ಮಧ್ಯಾಹ್ನ ಮೊದಲ ಸಾಲಿನವರು ಕೂತರು. ಮೊದಲ ತುತ್ತು ಬಾಯಿಗಿಟ್ಟರು. ಒಬ್ಬೊಬ್ಬರಾಗಿ ನೀರಿನ ಲೋಟಕ್ಕೆ ಕೈ ಹಾಕಿದರು. ಬ್ಯಾಟರಿ ಮಾವ ಮಾತ್ರ ತಲೆ ಬಗ್ಗಿಸಿ, ಔಷಧಿ ನುಂಗುವ ಹಾಗೆ ಒಂದೊಂದೇ ತುತ್ತು ನುಂಗುತ್ತಾ ತಟ್ಟೆ ಖಾಲಿ ಮಾಡಿದರು. ಹೊಸದಾಗಿ ಸೇರಿದ್ದ ಒಬ್ಬ ಕಂಡಕ್ಟರಿಗೆ ಅಷ್ಟು ದಾಕ್ಷಿಣ್ಯ ಎಲ್ಲಿ? "ಅಕ್ಕಾ, ಇವತ್ತು ಸಮುದ್ರಾನೇ ಬೇಯಿಸಿಬಿಟ್ಟಿದ್ದೀರಲ್ಲ!" ಎಂದ.

ಅಕ್ಕ ಹಂಡೆಯ ಕಡೆ ತಿರುಗಿದಳು. ಎಲ್ಲರೂ ನೋಡುತ್ತಿರುವಾಗ ಸೌಟಿನಲ್ಲಿ ಒಂದಿಷ್ಟು ಸಾರು ತೆಗೆದು ಬಾಯಿಗೆ ಹಾಕಿಕೊಂಡಳು. ಬಿಸಿ ಇತ್ತು. ಅಷ್ಟೇ. ಮುಖ ಹಿಂಡಿ, "ಅಯ್ಯೋ ಹೌದಲ್ಲ, ಕೈ ತಪ್ಪಿದೆ" ಎಂದಳು. ಸಾರಿನ ಹಂಡೆಯನ್ನು ಅವಳೊಬ್ಬಳೇ ಎಳೆದುಕೊಂಡು ಹೋಗಿ ಹಿತ್ತಿಲ ಮೋರಿಗೆ ಸುರಿಯಬೇಕಾಯಿತು. ಅಲ್ಲಿ, ಕಲ್ಲಿನ ಸಂದಿಯಲ್ಲಿ, ಬೆಳಗಿನ ಒಂದು ತುಂಡು ಹಾಗೇ ಬಿದ್ದಿತ್ತು. ಹಲ್ಲು ತಾಗಿದ ಗುರುತೂ ಇರಲಿಲ್ಲ.

ಶಾಲೆಯಿಂದ ಬಂದ ಮಗಳಿಗೆ ಬ್ಯಾಗು ಇಳಿಸುವಷ್ಟು ಪುರುಸೊತ್ತನ್ನೂ ಅವಳು ಕೊಡಲಿಲ್ಲ.

"ಬೆಳಿಗ್ಗೆ ಉಪ್ಪು ನೋಡಿದ್ಯಾ?"

ಚೂಟಿ ಹೆಗಲ ಬ್ಯಾಗಿನ ಪಟ್ಟಿಯನ್ನು ಹಿಡಿದುಕೊಂಡಳು.

"ಕೇಳ್ತಿರೋದು ನಿನ್ನನ್ನೇ. ಬಾಯಲ್ಲಿ ಏನು ಇಟ್ಕೊಂಡಿದ್ದೀಯ?"

"ನೋಡ್ಲಿಲ್ಲ."

"ನೋಡ್ಲಿಲ್ಲ ಅಂದ್ರೆ?"

"ಬಹಳ ದಿನದಿಂದ ನೋಡ್ತಿಲ್ಲ ಅಮ್ಮ. ಹೊರಗೆ ಹೋಗಿ ಚೆಲ್ಲಿಬಿಡ್ತಿದ್ದೆ. ನೀನು ದಿನಾ ಹಾಕೋದು ಅಷ್ಟೇ, ನಾನು ದಿನಾ ಹೇಳೋದೂ ಅಷ್ಟೇ ಅಲ್ವಾ. ಅದನ್ನೇ ಹೇಳ್ತಿದ್ದೆ." ಅವಳ ಕೈ ಬ್ಯಾಗಿನ ಪಟ್ಟಿಯನ್ನು ಹಿಡಿದೇ ಇತ್ತು. "ನಾನು ಮಾಂಸ ಬಿಟ್ಟಿದ್ದೀನಿ. ಇನ್ನು ಮೇಲೆ ತಿನ್ನಲ್ಲ. ನಿನಗೆ ಹೇಳೋಕೆ ಧೈರ್ಯ ಬಂದಿರಲಿಲ್ಲ."

ಅಕ್ಕನಿಗೆ ಮೊದಲು ನಗು ಬಂತು. ನಗು ಅರ್ಧಕ್ಕೇ ನಿಂತಿತು. "ಯಾರೇ ನಿನ್ನ ತಲೆ ಕೆಡಿಸಿದ್ದು? ಶಾಲೇಲಿ ಯಾರಾದ್ರೂ ಹೇಳಿಕೊಟ್ರಾ?"

"ಯಾರೂ ಇಲ್ಲ. ಹೇಳಿಕೊಟ್ಟಿದ್ದು ನೀನೇ."

"ನಾನಾ!"

"ನಾಲಿಗೆ ಮೇಲಿಟ್ಕೊಂಡು ಯೋಚನೆ ಮಾಡು ಅಂದೆ. ಮಾಡಿದೆ. ಮೊದಲು ಯಾವಾಗಲೋ ಒಂದೊಂದು ಹೆದರಿದ್ದು ಸಿಗ್ತಿತ್ತು, ವಾಪಸ್ ಕೊಟ್ಟು ಬರ್ತಿದ್ದೆ. ಈಗ ಎಲ್ಲದರಲ್ಲೂ ಆ ಹೆದರಿಕೆ ಇದೆ ಅಮ್ಮ. ಕಮ್ಮಿ ಜಾಸ್ತಿ ಅಷ್ಟೇ. ಗೊತ್ತಾದ ಮೇಲೆ ಗೊತ್ತಿಲ್ಲದ ಹಾಗೆ ನುಂಗೋಕೆ ನನ್ನಿಂದ ಆಗಲ್ಲ."

"ನಿನ್ನ ಹೊಟ್ಟೆ ತುಂಬಿಸಿದ್ದು ಇದೇ ಸಾರು ಕಣೇ!" ಅಕ್ಕನ ದನಿ ಏರಿತು. "ಈ ಮೈಮೇಲಿನ ಬಟ್ಟೆ, ಆ ಬ್ಯಾಗು, ಆ ಪುಸ್ತಕ, ಎಲ್ಲಾ ಇದೇ ಸಾರು. ಅದೇನು ಪಾಪದ ಕೆಲಸಾನಾ ನಾನು ಮಾಡ್ತಿರೋದು?"

"ನಾನು ಹಾಗಂದ್ನಾ? ನೀನು ಮಾಡು. ಅವರು ತಿನ್ನಲಿ. ನನ್ನ ಬಾಯಿಗೆ ಮಾತ್ರ ಬೇಡ."

ಅಕ್ಕ ದನಿ ತಗ್ಗಿಸಿದಳು. ಸರಿ, ತಿನ್ನಬೇಡ, ನುಂಗಲೂ ಬೇಡ, ಸುಮ್ಮನೆ ನಾಲಿಗೆಗೆ ತಾಗಿಸಿ ಉಗಿದುಬಿಡು, ಉಪ್ಪು ಗೊತ್ತಾದರೆ ಸಾಕು ಎಂದು ಪುಸಲಾಯಿಸಿದಳು. ಚೂಟಿ ತಲೆಯಾಡಿಸಿದಳು. ಉಗಿದು ನೋಡಿದ್ದೀನಿ, ಉಗಿದರೂ ಹೋಗಲ್ಲ, ಸಂಜೆವರೆಗೂ ಇರುತ್ತೆ ಎಂದಳು. ಅಕ್ಕನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಹಾಗಾದ್ರೆ ಮೆಸ್ಸು ಮುಚ್ಚೋಣ. ನನಗೊಂದು ನಾಲಿಗೆ ಇದ್ದಿದ್ರೆ ನಿನ್ನ ಕಾಲು ಹಿಡಿಯೋ ಗತಿ ಬರ್ತಿರಲಿಲ್ಲ. ನಿಮ್ಮಪ್ಪನ ಜೊತೆ ನಾನೂ ಹೋಗಿಬಿಟ್ಟಿದ್ರೆ ನೀನು ಬೇಕಾದ್ದು ತಿಂದ್ಕೊಂಡು ಬೇಡದ್ದು ಬಿಟ್ಕೊಂಡು ಆರಾಮಾಗಿ ಇರಬಹುದಿತ್ತು!"

ಆಡಬಾರದಿತ್ತು. ಆಡಿದ ಮೇಲೆ ಅವಳಿಗೇ ತಿಳಿಯಿತು. ಆದರೆ ಬಾಯಿಂದ ಹೋದದ್ದನ್ನು ಎಲ್ಲಿ ಹುಡುಕಿ ತರುವುದು? ಚೂಟಿ ಒಳಗೆ ಹೋಗಿ ಬಟ್ಟೆ ಬದಲಾಯಿಸಿಕೊಂಡು, ಉಳಿದ ತಟ್ಟೆಗಳನ್ನು ತೊಳೆಯಲು ಕೂತಳು.

ಮರುದಿನ ಬೆಳಿಗ್ಗೆ ಸಾರು ಬೆಂದಿತು. ಅಕ್ಕ ಹಂಡೆಯ ಮುಂದೆ ನಿಂತಿದ್ದಳು. ಚೂಟಿ ಬರುವುದಿಲ್ಲ ಎಂದು ಅವಳು ತೀರ್ಮಾನ ಮಾಡಿಕೊಂಡಿದ್ದಳು. ಹುಡುಗಿ ಬಂದಳು. ಬಟ್ಟಲು ಹಿಡಿದಳು. ಹಿತ್ತಿಲಿಗೆ ಹೋಗಲಿಲ್ಲ, ಅಮ್ಮನ ಎದುರಿಗೇ ನಿಂತು ತುಂಡನ್ನು ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿ, "ಮುಕ್ಕಾಲು ಹಿಡಿ" ಎಂದಳು. ಬಟ್ಟಲು ತೊಳೆದಿಟ್ಟು ಶಾಲೆಗೆ ಹೋದಳು.

ಅಕ್ಕ ಗೆದ್ದಳು. ಮಧ್ಯಾಹ್ನ ಸಾರು ಮೊದಲಿನ ಹಾಗೇ ಇತ್ತಂತೆ. ನಿನ್ನೆಯದು ಯಾರದೋ ದೃಷ್ಟಿ, ಬಿಡಿ ಎಂದರು ಮಾವ. ಆ ಹೊಸ ಕಂಡಕ್ಟರು ಎರಡು ಸಲ ಹಾಕಿಸಿಕೊಂಡ. ಅದರ ಮರುದಿನವೂ ಹಾಗೇ ಆಯಿತು, ಆಮೇಲೂ ಹಾಗೇ ನಡೆಯಿತು. ಜಗಳವಿಲ್ಲ, ಮುನಿಸಿಲ್ಲ, ಕರೆದರೆ ಚೂಟಿ ಬರುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು. ಮಗಳು ದಾರಿಗೆ ಬಂದಳು ಎಂದು ಅಕ್ಕ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುವುದಕ್ಕೇನು, ಯಾರು ಬೇಡ ಅನ್ನುತ್ತಾರೆ?

ಆದರೆ ಕಣ್ಣಿದೆಯಲ್ಲ, ಅದು ನೋಡುತ್ತಿತ್ತು. ಒಂದು ಬೆಳಿಗ್ಗೆ ಚೂಟಿ ಬಾಯಿಗೆ ಹಾಕಿಕೊಂಡದ್ದನ್ನು ಅಗಿಯುತ್ತಾ ಎದುರಿನ ಗೋಡೆಯನ್ನು ದಿಟ್ಟಿಸುತ್ತಿದ್ದಳು. ಮುಖದಲ್ಲಿ ಸಿಟ್ಟಿಲ್ಲ, ಅಳುವಿಲ್ಲ, ಏನೂ ಇಲ್ಲ. ಉಸಿರು ಬಿಗಿ ಹಿಡಿದು, ಬೇಗ ಮುಗಿಯಲಿ ಎಂಬಂತೆ ತುತ್ತನ್ನು ಒಂದೇ ಸಲ ಗಂಟಲಿಗಿಳಿಸಿದಳು. ಅದನ್ನು ಕಂಡು ಅಕ್ಕನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಆ ನೋಟ, ಆ ನುಂಗುವುದು, ಅವಳಿಗೆ ಗೊತ್ತಿದ್ದದ್ದೇ. ತಾನೂ ದಿನಾ ಹಾಗೇ ಉಣ್ಣುವುದು. ಎಲ್ಲರೂ ಹೋದ ಮೇಲೆ ಮೂಲೆಯ ಸ್ಟೂಲಿನಲ್ಲಿ ಕೂತು, ಗೋಡೆ ನೋಡುತ್ತಾ, ಒದ್ದೆ ಬಟ್ಟೆಯನ್ನು ಒಳಗೆ ತುರುಕಿದಂತೆ ಅನ್ನವನ್ನು ತುರುಕಿಕೊಳ್ಳುವುದು. ಬಾಯಿ ಬೇಡವೆಂದರೂ ಹೊಟ್ಟೆಗೆ ಹಾಕುವುದು ಎಂಥ ಶಿಕ್ಷೆ ಎಂದು ಆ ಬೀದಿಯಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಜ್ವರ ತನಗೆ ಮಾಡಿದ್ದನ್ನು ತಾನು ಮಗಳಿಗೆ ಮಾಡುತ್ತಿದ್ದಾಳೆ. ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. "ಅರ್ಧ ಹಿಡಿ" ಎಂದಳು ಚೂಟಿ. ಅಕ್ಕ ಅರ್ಧ ಹಿಡಿ ಹಾಕಿದಳು.

ಅವತ್ತು ಶಾಲೆಗೆ ರಜೆ. ಮಧ್ಯಾಹ್ನ ಚೂಟಿಯೇ ಬ್ರೆಡ್ಡಿನ ಬುಟ್ಟಿ ಹಿಡಿದು ಮೇಜಿನಿಂದ ಮೇಜಿಗೆ ಓಡಾಡುತ್ತಿದ್ದಳು. ಬ್ಯಾಟರಿ ಮಾವ ಬೆರಳು ನೆಕ್ಕಿ, "ಅಕ್ಕಾ, ನಿಮ್ಮ ಕೈಲಿ ಅದೇನಿದೆಯೋ" ಎಂದು ಶುರು ಮಾಡಿದರು.

"ನನ್ನ ಕೈಲಿ ಏನೂ ಇಲ್ಲ ಮಾವ."

"ಹೆಹ್ಹೆ, ನೀವೊಬ್ರು."

"ತಮಾಷೆ ಅಲ್ಲ." ಅಕ್ಕ ಸೌಟನ್ನು ಹಂಡೆಯೊಳಗೆ ಬಿಟ್ಟಳು. ಗಟ್ಟಿಯಾಗಿ, ಕೊನೆಯ ಮೇಜಿನವರೆಗೂ ಕೇಳುವ ಹಾಗೆ ಹೇಳಿದಳು. "ಆ ಜ್ವರ ಬಂದಾಗಿಂದ ನನಗೆ ರುಚಿ ಗೊತ್ತಾಗಲ್ಲ. ಉಪ್ಪೂ ಇಲ್ಲ, ಖಾರಾನೂ ಇಲ್ಲ. ವಾಸನೇನೂ ಇಲ್ಲ. ಇಷ್ಟು ದಿನ ನೀವು ತಿಂದಿದ್ದು ಅವಳ ನಾಲಿಗೆಯ ಅಡುಗೆ." ಬ್ರೆಡ್ಡಿನ ಬುಟ್ಟಿ ಹಿಡಿದು ನಿಂತ ಮಗಳ ಕಡೆ ಕೈ ತೋರಿಸಿದಳು. "ನೀವು ಹೊಗಳ್ತಿದ್ರಿ, ನಾನು ಇಸ್ಕೋತಿದ್ದೆ. ಅವಳಿಗೆ ಮಾಂಸ ಬೇಡವಂತೆ. ನಾನು ಬಿಡಲಿಲ್ಲ. ನಾಳೆಯಿಂದ ಅವಳು ಉಪ್ಪು ನೋಡಲ್ಲ."

ಚೂಟಿಯ ಮುಖ ಬಿಳಿಚಿಕೊಂಡಿತ್ತು. ಮೂಲೆಯಲ್ಲಿದ್ದ ಡಿಪೋದ ಟೈಮ್‌ಕೀಪರು ಗಂಟಲು ಸರಿಮಾಡಿಕೊಂಡು, "ಅಂದ್ರೆ, ಮಾಂಸ ಕೆಟ್ಟಿದ್ರೂ ನಿಮಗೆ ಗೊತ್ತಾಗಲ್ಲ?" ಎಂದರು. ನ್ಯಾಯವಾದ ಪ್ರಶ್ನೆಯೇ.

"ಗೊತ್ತಾಗಲ್ಲ" ಎಂದಳು ಅಕ್ಕ.

ಅವರು ತಟ್ಟೆ ಹಿಂದಕ್ಕೆ ಸರಿಸಿ ಎದ್ದು ಹೋದರು. ಅವರ ಹಿಂದೆ ಇನ್ನಿಬ್ಬರು ಎದ್ದರು, ಆಮೇಲೆ ಒಂದು ಮೇಜು ಪೂರಾ ಎದ್ದಿತು. ಹೊಸ ಕಂಡಕ್ಟರು ಬಾಗಿಲವರೆಗೆ ಹೋಗಿ, ಒಂದು ಸಲ ತಿರುಗಿ ನೋಡಿ, ಹೊರಟುಹೋದ. ಉಳಿದವರು ತಲೆ ಎತ್ತದೆ ಉಂಡರು.

ಮರುದಿನ ಮಾಂಸದಂಗಡಿಗೆ ಅಕ್ಕ ತಾನೇ ಹೋದಳು. ಅಂಗಡಿಯವನ ಮುಖ ನೋಡಿ, "ನನಗೆ ವಾಸನೆ ಹತ್ತಲ್ಲ ಅಣ್ಣ. ನಿಮ್ಮನ್ನೇ ನಂಬಿದ್ದೀನಿ" ಎಂದಳು. ಸಾರು ಬೆಂದ ಮೇಲೆ ಬಾಗಿಲಿಗೆ ಬಂದ ಮೊದಲ ನಾಲ್ಕು ಜನಕ್ಕೆ ಒಂದೊಂದು ಚಮಚ ಕೊಟ್ಟಳು. ಒಬ್ಬ ಸಪ್ಪೆ ಎಂದ, ಇನ್ನೊಬ್ಬ ಸರಿಯಾಗಿದೆ ಎಂದ, ಮತ್ತೊಬ್ಬನಿಗೆ ಜಾಸ್ತಿ. ಬ್ಯಾಟರಿ ಮಾವ ಬಹಳ ಹೊತ್ತು ಕಣ್ಣು ಮುಚ್ಚಿ ಚಪ್ಪರಿಸಿ, "ಹೊಗಳೋದು ಸುಲಭ ಇತ್ತು ಅಕ್ಕಾ, ಇದು ಕಷ್ಟ" ಎಂದರು. ಚೂಟಿಯಂಥ ನಾಲಿಗೆ ಇನ್ನು ತನ್ನ ಅಡುಗೆಮನೆಗೆ ಸಿಗುವುದಿಲ್ಲ ಎಂದು ಅಕ್ಕನಿಗೆ ಅರ್ಥವಾಯಿತು. ಮೊದಲ ಬಾರಿಗೆ ಒಂದೊಂದು ಮೇಜಿನ ಮೇಲೂ ಒಂದೊಂದು ಉಪ್ಪಿನ ಬಟ್ಟಲು ಇಟ್ಟಳು. "ಬೇಕಾದಷ್ಟು ಹಾಕ್ಕೊಳ್ಳಿ" ಎಂದಳು. ಅಡುಗೆಯವಳ ಬಾಯಿಂದ ಆ ಮಾತು ಹೊರಡುವಾಗ ಎಷ್ಟು ನೋಯುತ್ತದೆ ಎಂದು ಅಡುಗೆಯವರಿಗೇ ಗೊತ್ತು. ಅರ್ಧ ಮೇಜುಗಳು ಖಾಲಿ ಇದ್ದವು. ನಾಳೆ ತುಂಬುತ್ತವೋ, ಇನ್ನೂ ಖಾಲಿಯಾಗುತ್ತವೋ, ಯಾರು ಕಂಡಿದ್ದಾರೆ?

ಸಂಜೆ ಚೂಟಿ ಶಾಲೆಯಿಂದ ಬಂದಾಗ ಒಲೆಯ ಮೇಲೆ ಚಿಕ್ಕ ಪಾತ್ರೆಯೊಂದರಲ್ಲಿ ಕುಂಬಳಕಾಯಿ ಬೇಯುತ್ತಿತ್ತು. ಅಕ್ಕ ಎರಡು ತಟ್ಟೆಗೆ ಬಡಿಸಿದಳು. ಮೂಲೆಯ ಸ್ಟೂಲು ಬಿಟ್ಟು ಮಗಳ ಎದುರಿಗೆ ಬಂದು ಕೂತಳು.

"ಜನ ಕಮ್ಮಿ ಬಂದಿದ್ರಾ?" ಎಂದಳು ಚೂಟಿ.

"ಕಮ್ಮೀನೇ."

"ನನ್ನಿಂದ."

"ನಿನ್ನಿಂದ ಅಲ್ಲ. ಇಷ್ಟು ದಿನ ಬಂದಿದ್ದೇ ನಿನ್ನಿಂದ. ಊಟ ಮಾಡು."

ಇಬ್ಬರೂ ಉಂಡರು. ಉಪ್ಪು ಸರಿಯಾಗಿದೆಯಾ ಎಂಬ ಪ್ರಶ್ನೆ ಅಕ್ಕನ ಗಂಟಲವರೆಗೆ ಬಂತು. ಅದನ್ನು ಅಲ್ಲೇ ತಡೆದು, ಅಭ್ಯಾಸದಂತೆ ಗೋಡೆಯ ಕಡೆ ಮುಖ ತಿರುಗಿಸಿ ತುತ್ತು ನುಂಗಿದಳು. ಚೂಟಿ ಅದನ್ನು ನೋಡಿದಳು. ತಾನು ಎತ್ತಿದ್ದ ತುತ್ತನ್ನು ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿದು, ಯಾರೂ ಕೇಳದೆಯೇ ಹೇಳಿದಳು.

"ಮೊದಲು ಸಿಹಿ ಇದೆ ಅಮ್ಮ. ಸಕ್ಕರೆ ಥರ ಅಲ್ಲ, ಕುಂಬಳಕಾಯಿದೇ ಸಿಹಿ. ಆಮೇಲೆ ಟೊಮ್ಯಾಟೊ ಹುಳಿ ಬರುತ್ತೆ, ಇಲ್ಲಿ, ನಾಲಿಗೆ ಪಕ್ಕದಲ್ಲಿ. ಖಾರ ಎಲ್ಲಾ ಆದಮೇಲೆ ಬರುತ್ತೆ, ಗಂಟಲ ಹತ್ರ, ಸ್ವಲ್ಪವೇ."

ಜ್ವರದ ದಿನದಿಂದ ಇವತ್ತಿನವರೆಗೆ ಯಾರೂ ಅಕ್ಕನಿಗೆ ಅಡುಗೆ ಹೇಗಿದೆ ಎಂದು ಹೀಗೆ ಹೇಳಿರಲಿಲ್ಲ. ಅವಳೂ ಉಪ್ಪು ಬಿಟ್ಟು ಬೇರೇನನ್ನೂ ಕೇಳಿರಲಿಲ್ಲ. ಅಕ್ಕ ಗೋಡೆಯಿಂದ ಮುಖ ತಿರುಗಿಸಿದಳು. ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡಳು. ನುಂಗಲಿಲ್ಲ, ನಾಲಿಗೆಯ ಮೇಲೆ ಹಾಗೇ ಇಟ್ಟುಕೊಂಡು ಮಗಳನ್ನು ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು.

"ಇನ್ನೊಂದ್ಸಲ ಹೇಳು" ಎಂದಳು.